ಮಣಿಪಾಲದ ಡಾಕ್ಟರು – ತೋನ್ಸೆ ಮಾಧವ ಅನಂತ ಪೈ

ರಾಜ್ಯೋತ್ಸವದ ಸಂಚಿಕೆಯಲ್ಲಿ ನಾಡಿನ ಹಿರಿಯರೊಬ್ಬರ ಜೀವನವನ್ನು ಸ್ಮರಿಸುವುದು ವಾಡಿಕೆ. ಕವಿಗಳು, ಅರಸರು, ಶರಣರು, ದಾಸರು, ಏಕೀಕರಣದ ಧುರೀಣರು ಈ ಬಗೆಯ ಪುಟಗಳಲ್ಲಿ ಬಂದು ಹೋಗಿದ್ದಾರೆ, ಮುಂದೆಯೂ ಬರತಕ್ಕವರೇ. ಈ ಸಲ ನಾವು ಒಬ್ಬ ವೈದ್ಯರನ್ನು ಆರಿಸಿಕೊಂಡಿದ್ದೇವೆ. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುವವರಿಗೆ ವೈದ್ಯರ ಚರಿತ್ರೆಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಎರಡು ಕಾರಣಗಳುಂಟು. ನಾವು ಹೇಳಹೊರಟಿರುವ ವೈದ್ಯರು ಒಂದು ಬ್ಯಾಂಕನ್ನೂ ಕಟ್ಟಿದವರು ಎಂಬುದು ಒಂದು ಕಾರಣ. ಇನ್ನೊಂದು, ನಮ್ಮ ಮನಸ್ಸಿನಲ್ಲಿ ಕೆಲವು ಕಾಲದಿಂದ ಮುಳ್ಳಿನಂತೆ ನಟ್ಟುಕೊಂಡಿರುವ ಒಂದು ಸಂಗತಿ. ಅದನ್ನು ಮೊದಲು ಹೇಳಿ ಮುಂದುವರಿಯುತ್ತೇವೆ.

ಕೆಲವು ವರುಷಗಳ ಹಿಂದೆ ನಮ್ಮ ಊರಿನಲ್ಲಿ ಕನ್ನಡಿಗರೆಲ್ಲ ಸೇರಿ ಉಚಿತ ವೈದ್ಯಕೀಯ ಶಿಬಿರವೊಂದನ್ನು ನಡೆಸಿದೆವು. ನಮ್ಮವರೇ ಆದ ನಾಲ್ಕಾರು ಮಂದಿ ಡಾಕ್ಟರುಗಳು ರವಿವಾರದ ವಿಶ್ರಾಂತಿಯನ್ನು ಬಿಟ್ಟು, ಒಂದು ಕಾಸನ್ನೂ ಮುಟ್ಟದೆ, ಬೆಳಗಿನಿಂದ ಸಂಜೆಯವರೆಗೆ ಕುಳಿತು ರೋಗಿಗಳನ್ನು ನೋಡಿದರು. ಹೆಸರು ಬರೆದುಕೊಳ್ಳುವ ಮೇಜಿನ ಬಳಿ ನಾವಿದ್ದೆವು. ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ ಹಿರಿಯರೊಬ್ಬರ ರಕ್ತದಲ್ಲಿ ಸಕ್ಕರೆಯ ಅಂಶ ಮಿತಿಮೀರಿದೆಯೆಂದು ಅಂದು ಗೊತ್ತಾಯಿತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಒಂದು ತಿಂಗಳ ಬಳಿಕ ಮತ್ತೆ ಪರೀಕ್ಷೆ ಮಾಡಿಸಬೇಕೆಂದು ತಿಳಿಸಿದರು. ಆದರೆ ತಿಂಗಳ ಬಳಿಕ ಶಿಬಿರವೆಲ್ಲಿತ್ತು? ಎರಡು ವರುಷಗಳ ತರುವಾಯ ಅದೇ ಹಿರಿಯರು ನಮ್ಮ ಕೌಂಟರಿಗೆ ಊರುಗೋಲು ಹಿಡಿದು ಬಂದರು. ಹುಣ್ಣು ಮಾಗದೆ ಕಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಗಿ ಬಂದಿತ್ತು. ಅವರು ನಮ್ಮನ್ನು ಬೈಯಲಿಲ್ಲ; ಶಿಬಿರದ ದಿನ ಕೊಟ್ಟ ಉಪ್ಪಿಟ್ಟು ಚೆನ್ನಾಗಿತ್ತೆಂದು ನೆನೆದರು. ಡಾಕ್ಟರುಗಳು ತಮ್ಮ ಕರ್ತವ್ಯವನ್ನು ಪೂರ್ತಿ ಮಾಡಿದ್ದರು. ತಪ್ಪಿದ್ದುದು ನಮ್ಮಲ್ಲಿ. ಸೇವೆಯನ್ನು ನಾವು ಒಂದು ದಿನದ ಹಬ್ಬವನ್ನಾಗಿ ಮಾಡಿದ್ದೆವು. ಹೀಗೆ ಯೋಚಿಸುತ್ತಿರುವಾಗ ನಮಗೆ ನೆನಪಾದವರು ಮಣಿಪಾಲದ ಡಾಕ್ಟರ್ ಟಿ. ಎಂ. ಎ. ಪೈಗಳು.

ಪೈಗಳು ಹುಟ್ಟಿದ್ದು 1898ನೆಯ ಇಸವಿ ಏಪ್ರಿಲ್ 30ರಂದು, ಉಡುಪಿಯ ಬಳಿಯ ಕಲ್ಯಾಣಪುರದಲ್ಲಿ. ಸುವರ್ಣಾ ನದಿಯ ದಂಡೆಯ ಮೇಲಿರುವ ಈ ಊರು ತೆಂಗು, ಗದ್ದೆ, ದೇವಸ್ಥಾನ, ಇಗರ್ಜಿಗಳಿಂದ ಕೂಡಿದ ಹಳೆಯ ಪೇಟೆ. ತೋನ್ಸೆ ಎಂಬುದು ಅದೇ ಆಸುಪಾಸಿನ ಊರಿನ ಹೆಸರು. ಮನೆತನಕ್ಕೆ ಅದೇ ಅಂಕಿತವಾಯಿತು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ – ಹೀಗೆ ಮೂರು ಭಾಷೆಗಳ ನಡುವೆ ಬೆಳೆಯುವುದು ಕರಾವಳಿಯ ಮಕ್ಕಳಿಗೆ ಸಹಜ. ಆ ಕಾಲದಲ್ಲಿ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತಕ್ಕೆ ಸೇರಿತ್ತು. ಆದುದರಿಂದ ವೈದ್ಯವಿದ್ಯೆಯನ್ನು ಕಲಿಯಬೇಕೆಂದಾಗ ತರುಣ ಮಾಧವ ಪೈಗಳು ನೂರಾರು ಮೈಲು ದೂರದ ಮದರಾಸಿಗೇ ಹೋಗಬೇಕಾಯಿತು. ಅಲ್ಲಿಯ ಮೆಡಿಕಲ್ ಕಾಲೇಜಿನಲ್ಲಿ ಓದಿ, 1925ರಲ್ಲಿ ಎಂ.ಬಿ.ಬಿ.ಎಸ್. ಪದವಿಯೊಡನೆ ಊರಿಗೆ ಮರಳಿದರು. ಆಗ ಅವರಿಗೆ 27 ವರುಷ.

ಅಂದಿನ ಉಡುಪಿಯನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ಹೊಳೆಗಳಿಗೆ ಸೇತುವೆಗಳಿರಲಿಲ್ಲ, ಮಳೆಗಾಲದಲ್ಲಿ ಊರೂರುಗಳ ಸಂಪರ್ಕವೇ ತಪ್ಪುತ್ತಿತ್ತು. ಪಾಶ್ಚಾತ್ಯ ವೈದ್ಯವನ್ನು ಕಲಿತವರು ಬೆರಳೆಣಿಕೆಯಷ್ಟು. ಆದರೂ ಆ ಜಿಲ್ಲೆಯಲ್ಲಿ ಸೇವಾಭಾವದ ವೈದ್ಯಕ್ಕೆ ಪರಂಪರೆಯೇ ಇಲ್ಲದಿರಲಿಲ್ಲ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯಿಂದ ಬಂದ ಫಾದರ್ ಅಗಸ್ಟಸ್ ಮುಲ್ಲರರು 1880ರಲ್ಲಿಯೇ ಬಡವರಿಗೆ ಹೋಮಿಯೋಪಥಿ ಔಷಧವನ್ನು ಹಂಚತೊಡಗಿದ್ದರು. ಉಡುಪಿಯಲ್ಲಿಯೇ 1923ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಈವಾ ಲೊಂಬಾರ್ಡರು ಬಾಸೆಲ್ ಮಿಷನ್ನಿನ ವತಿಯಿಂದ ಆಸ್ಪತ್ರೆಯನ್ನು ತೆರೆದಿದ್ದರು. ಪರದೇಶದವರು ಬಂದು ಇಷ್ಟು ಮಾಡಿದಾಗ ನಾಡಿನಲ್ಲಿ ಹುಟ್ಟಿದವರ ಹೊಣೆ ಎಷ್ಟಾಗಬೇಡ?

ಪೈಗಳು ವೈದ್ಯವೃತ್ತಿಯನ್ನು ಕೈಗೊಂಡರು. ಪದವಿ ಪಡೆದವರು ಪಟ್ಟಣದಲ್ಲಿ ನೆಲೆಸಿ ಹಣ ಗಳಿಸುವುದು ಸುಲಭವಿದ್ದ ಕಾಲದಲ್ಲಿ ಅವರು ತಮ್ಮ ಜನರ ನಡುವೆಯೇ ಉಳಿದರು. ಅಲ್ಲಿ ಅವರಿಗೆ ಕಂಡ ರೋಗದ ಮೂಲ ಯಾವುದು? ಕರಾವಳಿಯಲ್ಲಿ ಆಗ ಕೈಮಗ್ಗದವರ ಸ್ಥಿತಿ ತೀರಾ ಹದಗೆಟ್ಟಿತ್ತು. ಗಿರಣಿಯ ಅಗ್ಗದ ಬಟ್ಟೆ ಪೇಟೆಗೆ ಬಂದು ನೇಕಾರರ ಸೀರೆ ಪಂಚೆಗಳಿಗೆ ಗಿರಾಕಿ ಇಲ್ಲದಾಗಿತ್ತು. ನೂಲು ತರಲು ಮುಂಗಡ ಹಣ ಬೇಕು. ಅದಕ್ಕೆ ಸಾಹುಕಾರನ ಬಾಗಿಲು. ಸಾಹುಕಾರನ ಬಡ್ಡಿ ಕಟ್ಟಿದ ಮೇಲೆ ಮನೆಯಲ್ಲಿ ಗಂಜಿಗೆ ಉಳಿದಷ್ಟೇ. ಹೊಟ್ಟೆಗಿಲ್ಲದವನಿಗೆ ಜ್ವರ ಬಂದರೆ ಒಂದು ಬಾಟ್ಲಿ ಔಷಧದಿಂದ ಜ್ವರ ಇಳಿಯಬಹುದು. ಆದರೆ ಮಗ್ಗ ನಿಂತಿರುವ ಮನೆಗೆ ಆ ಜ್ವರ ಮತ್ತೆ ಬಾರದೆ ಇದ್ದೀತೇ? ವೈದ್ಯನ ಕೆಲಸ ಔಷಧಾಲಯದ ಹೊಸ್ತಿಲಿಗೆ ಮುಗಿಯುವುದಿಲ್ಲವೆಂಬುದಕ್ಕೆ ಪೈಗಳ ಮುಂದಿನ ಜೀವನವೆಲ್ಲ ಸಾಕ್ಷಿಯಾಗಿದೆ.

ಪದವಿ ಪಡೆದ ಅದೇ 1925ರಲ್ಲಿ ಮೂವರು ಒಟ್ಟುಗೂಡಿದರು. ವ್ಯಾಪಾರದಲ್ಲಿ ನುರಿತ ಅಣ್ಣ ಉಪೇಂದ್ರ ಅನಂತ ಪೈಗಳು, ಇಂಜಿನಿಯರರಾಗಿದ್ದ ವಾಮನ ಶ್ರೀನಿವಾಸ ಕುಡ್ವರು, ಮತ್ತು ವೈದ್ಯರಾದ ಮಾಧವ ಪೈಗಳು. ಈ ಮೂವರೂ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೂಲ ಬಂಡವಾಳ 8,000 ರೂಪಾಯಿ. ಜನರಿಂದ ಸಣ್ಣ ಸಣ್ಣ ಉಳಿತಾಯವನ್ನು ಕೂಡಿಹಾಕಿ, ಅದನ್ನೇ ಕಷ್ಟದಲ್ಲಿದ್ದ ನೇಕಾರರಿಗೆ ಸಾಲವಾಗಿ ಒದಗಿಸಬೇಕೆಂಬುದು ಅವರ ಉದ್ದೇಶವಾಗಿತ್ತು. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ದೇಶದಲ್ಲೆಲ್ಲ ಹೆಸರಾಯಿತು.

ಬ್ಯಾಂಕು ಕಟ್ಟುವುದು ಆ ಜಿಲ್ಲೆಗೆ ಹೊಸದಲ್ಲ. 1906ರಲ್ಲಿಯೇ ಮಂಗಳೂರಿನಲ್ಲಿ ವಕೀಲರಾದ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನೂ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆಯನ್ನೂ ಆರಂಭಿಸಿದ್ದರು. ಆದರೆ ಬ್ಯಾಂಕೆಂಬುದು ಹಣವಿದ್ದವರು ತಾವಾಗಿ ಹತ್ತಬೇಕಾದ ಮೆಟ್ಟಿಲೆಂಬ ಭಾವನೆ ಎಲ್ಲೆಲ್ಲೂ ಇತ್ತು. ಪೈಗಳ ಬ್ಯಾಂಕು ಅದನ್ನು ತಿರುಗಿಸಿತು. 1928ರಲ್ಲಿ ಅವರು ಪಿಗ್ಮಿ ಠೇವಣಿಯೆಂಬ ಯೋಜನೆಯನ್ನು ಜಾರಿಗೆ ತಂದರು. ಪಿಗ್ಮಿಯೆಂದರೆ ಕುಳ್ಳ. ಹೆಸರಿಗೆ ತಕ್ಕಂತೆ ಮೊತ್ತವೂ ಕುಳ್ಳೇ: ದಿನಕ್ಕೆ ಎರಡಾಣೆಯಷ್ಟು ಕಡಿಮೆ. ಬ್ಯಾಂಕಿನ ಏಜಂಟನು ದಿನವೂ ಮನೆ ಬಾಗಿಲಿಗೆ, ಅಂಗಡಿಯ ಕಟ್ಟೆಗೆ, ಮಗ್ಗದ ಮುಂದಕ್ಕೆ ಹೋಗುವನು. ಕೊಟ್ಟ ನಾಣ್ಯವನ್ನು ಪಡೆದು ಬರೆದುಕೊಡುವನು. ಸಂಜೆ ಬ್ಯಾಂಕಿಗೆ ಕಟ್ಟುವನು. ಅಕ್ಷರ ಬಾರದವರೂ ಗೃಹಿಣಿಯರೂ ಇದರಿಂದ ಖಾತೆದಾರರಾದರು.

ಎರಡಾಣೆಯಿಂದ ಏನಾದೀತೆಂದು ನಗುವವರು ನಮ್ಮೊಡನೆ ಒಂದಿಷ್ಟು ಲೆಕ್ಕ ಹಾಕಬೇಕು. ಗುಮಾಸ್ತರ ಕೈಯಲ್ಲಿ ಲೇಖನಿಯಿದ್ದರೆ ಲೆಕ್ಕ ಬಾರದೆ ಇರದು. ರೂಪಾಯಿಗೆ ಹದಿನಾರು ಆಣೆ. ದಿನಕ್ಕೆ ಎರಡಾಣೆಯಂತೆ ಮೂವತ್ತು ದಿನಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ವರುಷಕ್ಕೆ 45 ರೂಪಾಯಿ ಹತ್ತಾಣೆ. ಇಂತಹ 175 ಮನೆಗಳು ಒಂದು ವರುಷ ಬಿಡದೆ ಕಟ್ಟಿದರೆ ಕೂಡುವ ಹಣ 7,984 ರೂಪಾಯಿ ಆರಾಣೆ. ಅಂದರೆ ಮೂವರು ಗಣ್ಯರು ಬ್ಯಾಂಕಿಗೆ ತೊಡಗಿಸಿದ ಮೂಲ ಬಂಡವಾಳಕ್ಕೆ ಸರಿಸಮಾನ. ಒಂದು ಸಣ್ಣ ಪೇಟೆಯ ಬಡವರು ಒಂದು ವರುಷದಲ್ಲಿ ತಾವೇ ಒಂದು ಬ್ಯಾಂಕನ್ನು ಹುಟ್ಟಿಸಬಲ್ಲರೆಂದು ಈ ಲೆಕ್ಕ ಹೇಳುತ್ತದೆ. ಬೇಕಾದುದು ಒಂದೇ, ದಿನವೂ ತಪ್ಪದೆ ಬರುವ ಒಬ್ಬ ಮನುಷ್ಯ.

ಈ ಮನುಷ್ಯನನ್ನು ನಾವು ಬಾಲ್ಯದಲ್ಲಿಯೇ ಬಲ್ಲೆವು. ನಮ್ಮ ತೀರ್ಥರೂಪರು ಉಡುಪಿಯ ಕಡೆಯಿಂದ ಬಂದು ಉಲ್ಹಾಸನಗರದ ನಾಲ್ಕನೆಯ ನಂಬರಿನ ಕ್ಯಾಂಪಿನಲ್ಲಿ ಸಣ್ಣದೊಂದು ಚಹಾದ ಅಂಗಡಿಯನ್ನು ಇಟ್ಟುಕೊಂಡಿದ್ದರು. ದೇಶವಿಭಜನೆಯಲ್ಲಿ ಮನೆಮಾರು ಕಳೆದುಕೊಂಡ ಸಿಂಧಿ ಬಂಧುಗಳು ಕಲ್ಯಾಣ ಕ್ಯಾಂಪಿನ ಸೇನಾ ಬ್ಯಾರಕುಗಳಲ್ಲಿ ಬಂದಿಳಿದು, 1949ರಲ್ಲಿ ಉಲ್ಹಾಸನಗರವೆಂಬ ಹೆಸರನ್ನು ಪಡೆದ ಈ ಊರನ್ನು ಬರಿಗೈಯಿಂದ ಕಟ್ಟಿದವರು. ದಿನದ ವ್ಯಾಪಾರದಲ್ಲಿ ದಿನದ ಉಳಿತಾಯವನ್ನು ತೆಗೆದಿಡುವ ಅಭ್ಯಾಸ ಅವರಿಗೆ ಯಾರೂ ಹೇಳಿಕೊಡಬೇಕಾದುದಲ್ಲ. ಎಡಬಲದ ಸಿಂಧಿ ಅಂಗಡಿಗಳಂತೆ ನಮ್ಮ ಅಂಗಡಿಗೂ ಸಂಜೆ ಆರೂವರೆಗೆ ಪಿಗ್ಮಿಯವರು ಬರುತ್ತಿದ್ದರು. ಮಳೆ ಸುರಿದು ಕ್ಯಾಂಪಿನ ದಾರಿಯಲ್ಲಿ ಮೊಣಕಾಲ ನೀರು ನಿಂತ ದಿನವೂ ಛತ್ರಿ ಹಿಡಿದು ಬಂದುದುಂಟು. ತೀರ್ಥರೂಪರು ಗಲ್ಲಾಪೆಟ್ಟಿಗೆಯಿಂದ ಹತ್ತು ರೂಪಾಯಿ ತೆಗೆದುಕೊಡುವರು. ಕೆಲವು ದಿನ ಐದೇ. ಹಬ್ಬದ ದಿನ ಇಪ್ಪತ್ತು. ಮಾತೋಶ್ರೀಯವರ ಪಿತ್ತಕೋಶದ ಶಸ್ತ್ರಕ್ರಿಯೆಗೆ ಹಣ ಬಂದುದು ಆ ಪುಸ್ತಕದಿಂದ. ನಾವು ಬಿ.ಕಾಂ. ಓದಿದ್ದೂ ಆ ಪುಸ್ತಕದಿಂದಲೇ. ಉಡುಪಿಯ ವೈದ್ಯರೊಬ್ಬರು ಬರೆದುಕೊಟ್ಟ ಔಷಧ ಎಪ್ಪತ್ತು ಎಂಬತ್ತು ವರುಷಗಳ ತರುವಾಯ ಉಲ್ಹಾಸನಗರದಲ್ಲಿ ನಮಗೆ ಹತ್ತಿತೆಂದು ನಾವು ನಂಬಿದ್ದೇವೆ.

ಇಲ್ಲಿ ಇನ್ನೊಂದು ಮಾತನ್ನು ಸೇರಿಸದಿದ್ದರೆ ನ್ಯಾಯವಾಗದು. ಕಮಿಷನ್ನಿನ ಮೇಲೆ ದುಡಿಯುವ ಈ ಪಿಗ್ಮಿ ಸಂಗ್ರಾಹಕರಿಗೆ ಸಂಬಳದ ನೌಕರರ ಭದ್ರತೆ ಇರಲಿಲ್ಲ. ಅವರೂ ಕಾರ್ಮಿಕರೇ, ಅವರು ಪಡೆಯುವ ಕಮಿಷನ್ನು ಕೂಲಿಯೇ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 2001ರಲ್ಲಿ. ಒಂದು ದೊಡ್ಡ ಯೋಜನೆಯ ಕೀರ್ತಿ ಕಟ್ಟಿದವರಿಗೆ ಸಲ್ಲುವಾಗ, ಅದನ್ನು ಹೆಗಲ ಮೇಲೆ ಹೊತ್ತು ಬಿಸಿಲಲ್ಲಿ ನಡೆದವರನ್ನೂ ನೆನೆಯತಕ್ಕದ್ದು.

ಈಗ ಪುನಃ ಉಡುಪಿಗೆ ಹೋಗೋಣ. ಪೇಟೆಯಿಂದ ಮೂರು ನಾಲ್ಕು ಮೈಲು ಪೂರ್ವಕ್ಕೆ ಮುರಕಲ್ಲಿನ ಒಂದು ಬೋಳುಗುಡ್ಡ. ಅಲ್ಲೊಂದು ಕೆರೆ, ಅದನ್ನು ಜನ ಮಣ್ಣಪಳ್ಳವೆಂದು ಕರೆಯುತ್ತಿದ್ದರು. ತುಳುವಿನಲ್ಲಿ ಪಳ್ಳವೆಂದರೆ ಕೆರೆ. ಮಣ್ಣಪಳ್ಳವೇ ಜನರ ಬಾಯಲ್ಲಿ ಸವೆದು ಮಣಿಪಾಲವಾಯಿತು. ಮುಳ್ಳುಪೊದೆಯ ಹೊರತು ಬೇರೇನೂ ಬೆಳೆಯದ ಆ ಗುಡ್ಡವನ್ನು ಪೈಗಳು ತಮ್ಮ ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. ನೆಲ ಅಗ್ಗ, ಗಾಳಿ ಶುದ್ಧ, ಮುಂದೆ ಬೆಳೆಯಲು ಎಡೆ ಬೇಕಾದಷ್ಟು. ಮುಂದೆ ಬ್ಯಾಂಕಿನ ಪ್ರಧಾನ ಕಛೇರಿಯೂ ಅದೇ ಗುಡ್ಡವನ್ನು ಹತ್ತಿತು. ರಾಜಧಾನಿಗಳನ್ನೇ ಅರಸುವ ಬ್ಯಾಂಕುಗಳ ನಡುವೆ ಒಂದು ಹಳ್ಳಿಯ ಗುಡ್ಡದ ಮೇಲಿಂದ ದೇಶಕ್ಕೆಲ್ಲ ಶಾಖೆಗಳನ್ನು ನಡೆಸಿದ ಬ್ಯಾಂಕು ಇದು.

ಸಾಲ ಕೊಟ್ಟರೆ ಬಡತನದ ಅರ್ಧ ಮಾತ್ರ ಹೋಗುತ್ತದೆ. ಕಸುಬನ್ನು ಕಲಿಸಿದರೆ ಉಳಿದರ್ಧ. 1942ರಲ್ಲಿ ಪೈಗಳು ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಇದು ಲಾಭ ಹಂಚಿಕೊಳ್ಳುವ ಕಂಪನಿಯಲ್ಲ, ಸಾರ್ವಜನಿಕ ಸಂಸ್ಥೆ. ಶಾಲೆ ಮುಗಿಸಿ ಮುಂದೆ ದಾರಿ ಕಾಣದೆ ಕುಳಿತ ತರುಣರಿಗೆ ಕೈಕಸುಬಿನ ಶಿಕ್ಷಣ ಕೊಡುವುದು ಅದರ ಮೊದಲ ಕಾರ್ಯಗಳಲ್ಲಿ ಒಂದಾಗಿತ್ತು. ಆಗ ಕರಾವಳಿಯ ಸಾವಿರಾರು ಹುಡುಗರಿಗೆ ಗೊತ್ತಿದ್ದ ದಾರಿ ಒಂದೇ. ಅದು ಮುಂಬಯಿಯ ಹೋಟೆಲು. ಹಗಲು ತಟ್ಟೆ ಲೋಟ ತೊಳೆದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರು ಈ ಸಂಚಿಕೆಯ ವಾಚಕರಲ್ಲಿ ಈಗಲೂ ಕೆಲವರಿದ್ದಾರು. ಊರಿನಲ್ಲಿಯೇ ವಿದ್ಯೆ ದೊರೆತಿದ್ದರೆ ಅವರ ಬಾಳು ಹೇಗಿರುತ್ತಿತ್ತೆಂದು ಅವರೇ ಬಲ್ಲರು. ಅಕಾಡೆಮಿಯ ಆಶ್ರಯದಲ್ಲಿ 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಆರಂಭವಾಯಿತು. 1957ರಲ್ಲಿ ಉಡುಪಿಯಲ್ಲಿ ಕಾನೂನು ಕಾಲೇಜು, ಮಣಿಪಾಲದಲ್ಲಿ ಇಂಜಿನಿಯರಿಂಗ್ ಕಾಲೇಜುಗಳಾದವು.

ಆದರೆ ಪೈಗಳ ಜೀವನದ ಅತಿ ದೊಡ್ಡ ಸಾಹಸ ನಡೆದದ್ದು 1953ರಲ್ಲಿ. ಅದರ ಹಿನ್ನೆಲೆಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ, ದೇಶದ ಆರೋಗ್ಯಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿಯು ಸುಮಾರು 6,300 ಜನರಿಗೆ ಒಬ್ಬ ಡಾಕ್ಟರು ಇದ್ದಾನೆಂದು ವರದಿ ಮಾಡಿತ್ತು. ಅವರಲ್ಲಿಯೂ ಬಹುಪಾಲು ಪಟ್ಟಣಗಳಲ್ಲಿ. ಹಳ್ಳಿಯ ಪಾಲಿಗೆ ಏನು ಉಳಿಯಿತೆಂದು ಹೇಳಬೇಕಾಗಿಲ್ಲ. ಹೊಸ ಸರಕಾರಗಳ ಕೈಯಲ್ಲಿ ಹಣವಿರಲಿಲ್ಲ. ಮೆಡಿಕಲ್ ಕಾಲೇಜೆಂಬುದು ಸರಕಾರದಿಂದಲೋ ದೊಡ್ಡ ಮಿಷನ್ನುಗಳಿಂದಲೋ ಮಾತ್ರ ಆಗತಕ್ಕ ಕೆಲಸವೆಂದು ತಿಳಿದವರೆಲ್ಲ ತಿಳಿದಿದ್ದರು. ಆಗ ಪೈಗಳು, ಸರಕಾರದ ಬೊಕ್ಕಸವನ್ನು ಕಾಯದೆ, ವಿದ್ಯಾರ್ಥಿಗಳ ಪಾಲಕರಿಂದ ವಂತಿಗೆ ಪಡೆದು, ಆ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ತೆರೆದರು. ತನ್ನ ಖರ್ಚನ್ನು ತಾನೇ ಹೊರುವ ಖಾಸಗಿ ವೈದ್ಯ ಕಾಲೇಜು ಭಾರತದಲ್ಲಿ ಅದೇ ಮೊದಲನೆಯದು.

ಕಾಲೇಜಿಗೆ ವಿಶ್ವವಿದ್ಯಾಲಯದ ಮಾನ್ಯತೆ ಬೇಕು. ಮಣಿಪಾಲ ಆಗ ಮದರಾಸು ರಾಜ್ಯದಲ್ಲಿ. ಧಾರವಾಡ ಮುಂಬಯಿ ರಾಜ್ಯದಲ್ಲಿ. ಆದರೂ ಹೊಸ ಕಾಲೇಜು ಸೇರಿದುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ. ಗಡಿಗಳು ಕನ್ನಡಿಗರನ್ನು ಹಂಚಿಹಾಕಿದ್ದಾಗಲೇ, 1956ನೆಯ ನವೆಂಬರ್ ಒಂದರ ಏಕೀಕರಣಕ್ಕೆ ಮುನ್ನವೇ, ಕರಾವಳಿಯ ವೈದ್ಯ ವಿದ್ಯಾರ್ಥಿಗಳು ಧಾರವಾಡದ ಪದವಿಗೆ ಓದುತ್ತಿದ್ದರು. ರಾಜ್ಯೋತ್ಸವದ ದಿನ ನೆನೆಯತಕ್ಕ ಸಂಗತಿ ಇದು.

ಇನ್ನು ಆಸ್ಪತ್ರೆ. ರೋಗಿಗಳನ್ನು ನೋಡದೆ ವೈದ್ಯವಿದ್ಯೆ ಬಾರದು. ಗುಡ್ಡದ ಮೇಲೆ ದೊಡ್ಡ ಆಸ್ಪತ್ರೆ ಕಟ್ಟುವಷ್ಟು ಹಣವಾಗಲಿ ಸಮಯವಾಗಲಿ ಇರಲಿಲ್ಲ. ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆ ಮತ್ತು ಹೆಂಗಸರ ಲೇಡಿ ಗೋಷನ್ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳಿಗೆ ರೋಗಿಗಳ ನಡುವೆ ಕಲಿಯುವ ಏರ್ಪಾಡಾಯಿತು. ಸರಕಾರದ ಆಸ್ಪತ್ರೆಗೆ ಕಾಲೇಜಿನ ತಜ್ಞ ವೈದ್ಯರು ದೊರೆತರು, ಕಾಲೇಜಿಗೆ ಕಲಿಕೆಯ ಸ್ಥಳ ದೊರೆಯಿತು. ಬಡರೋಗಿಗೆ ಒಬ್ಬ ಡಾಕ್ಟರಿದ್ದಲ್ಲಿ ಹಲವರಾದರು. ಇದೂ ಒಂದು ಪಿಗ್ಮಿಯ ಲೆಕ್ಕವೇ. ಇವನಲ್ಲಿ ಅಷ್ಟು, ಅವನಲ್ಲಿ ಇಷ್ಟು, ಎರಡೂ ಕೂಡಿದರೆ ಕೆಲಸ ನಡೆಯಿತು. ಮುಂದೆ 1961ರಲ್ಲಿ ಮಣಿಪಾಲದಲ್ಲಿಯೇ ಕಸ್ತೂರ್ಬಾ ಆಸ್ಪತ್ರೆ ಆರಂಭವಾಯಿತು. ಸುತ್ತಲ ಹಳ್ಳಿಗಳಲ್ಲಿ ಹೆರಿಗೆ ಮತ್ತು ಶಿಶುಕಲ್ಯಾಣದ ಕೇಂದ್ರಗಳು ಬೆಳೆದು, ಬಸುರಿಯರು ಗುಡ್ಡ ಹತ್ತಿ ಬರುವ ಮೊದಲೇ ಅವರ ಮನೆಯ ಬಳಿಗೆ ಆರೈಕೆ ಹೋಯಿತು.

ಜೀವನಚರಿತ್ರೆಯಲ್ಲಿ ಹೊಗಳಿಕೆಯೊಂದೇ ಇದ್ದರೆ ಅದು ಜಮಾ ಬಾಜು ಮಾತ್ರ ಬರೆದ ಖಾತೆಯಂತೆ. ಅದಕ್ಕೆ ಲೆಕ್ಕ ತಪಾಸಣೆಯವರು ಒಪ್ಪರು. ಆದುದರಿಂದ ಖರ್ಚಿನ ಬಾಜನ್ನೂ ನೋಡಬೇಕು. ಪಾಲಕರಿಂದ ವಂತಿಗೆ ಪಡೆದು ಕಾಲೇಜು ನಡೆಸುವ ಮಾರ್ಗವನ್ನು ಪೈಗಳು ಹಣವಿಲ್ಲದ ನಾಡಿನಲ್ಲಿ ಬೇರೆ ಉಪಾಯ ಕಾಣದೆ ಹಿಡಿದರೆಂದು ಅವರ ಅಭಿಮಾನಿಗಳು ಹೇಳುತ್ತಾರೆ. ಅದರಲ್ಲಿ ಸತ್ಯವುಂಟು. ಆದರೆ ಆ ಮಾರ್ಗದಲ್ಲಿ ಮುಂದೆ ನಡೆದವರೆಲ್ಲರೂ ಪೈಗಳಾಗಿರಲಿಲ್ಲ. ಕ್ಯಾಪಿಟೇಶನ್ ಶುಲ್ಕವೆಂಬ ಮಾತು ದೇಶಕ್ಕೆಲ್ಲ ಕುಖ್ಯಾತವಾಯಿತು. ಕರ್ನಾಟಕ ಸರಕಾರವೇ 1984ರಲ್ಲಿ ಅದನ್ನು ನಿಷೇಧಿಸುವ ಶಾಸನವನ್ನು ಮಾಡಬೇಕಾಯಿತು. 1992ರಲ್ಲಿ ಸುಪ್ರೀಂ ಕೋರ್ಟು ಅದು ಸಂವಿಧಾನಕ್ಕೆ ವಿರುದ್ಧವೆಂದಿತು. ಕೊನೆಗೆ 2002ನೆಯ ಅಕ್ಟೋಬರ್ 31ರಂದು ಹನ್ನೊಂದು ನ್ಯಾಯಾಧೀಶರ ಪೀಠವು ಕೊಟ್ಟ ಪ್ರಸಿದ್ಧ ತೀರ್ಪು ಟಿ. ಎಂ. ಎ. ಪೈ ಫೌಂಡೇಶನ್ನಿನ ಹೆಸರಿನಲ್ಲಿಯೇ ಇದೆ. ಖಾಸಗಿ ಸಂಸ್ಥೆಗಳು ತಮ್ಮ ಶುಲ್ಕವನ್ನು ತಾವೇ ಗೊತ್ತುಪಡಿಸಬಹುದು, ಬೆಳವಣಿಗೆಗೆ ಬೇಕಾದಷ್ಟು ಮಿಗತೆಯನ್ನೂ ಉಳಿಸಬಹುದು, ಆದರೆ ವಿದ್ಯೆಯನ್ನು ಲಾಭಕೋರತನಕ್ಕೆ ಬಳಸಕೂಡದು ಎಂಬುದು ಅದರ ಸಾರಾಂಶ.

ಶಿಕ್ಷಣ ಸಾಲದ ಅರ್ಜಿಗಳು ನಮ್ಮ ಮೇಜಿನ ಮೇಲೂ ಹಾದು ಹೋಗುತ್ತವೆ. ಏಳೂವರೆ ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಮನೆಯನ್ನೋ ಜಮೀನನ್ನೋ ಅಡವಿಡಬೇಕಾಗುತ್ತದೆ. ಮಗಳಿಗೆ ಖಾಸಗಿ ಕಾಲೇಜಿನಲ್ಲಿ ಡಾಕ್ಟರಿಕೆಯ ಸೀಟು ದೊರೆತಿದೆಯೆಂದು ಪೇಢೆಯ ಪೊಟ್ಟಣವನ್ನು ಹಿಡಿದು ಬಂದ ತಂದೆ, ಶುಲ್ಕದ ಪಟ್ಟಿ ನೋಡಿ ಅಡವಿಡಲು ತನ್ನಲ್ಲಿ ಬಾಡಿಗೆಯ ಕೋಣೆಯ ಹೊರತು ಏನೂ ಇಲ್ಲವೆಂದು ಎದ್ದು ಹೋದುದನ್ನು ನಾವು ಕಂಡಿದ್ದೇವೆ. ಎರಡಾಣೆ ಕಟ್ಟುವವನನ್ನು ಹುಡುಕಿಕೊಂಡು ಬಾಗಿಲಿಗೆ ಹೋದ ಮಹನೀಯರು ತೋರಿದ ದಾರಿ ಇಂದು ಆ ತಂದೆಯ ಮುಂದೆ ಬಾಗಿಲಾಗಿ ಮುಚ್ಚಿಕೊಂಡರೆ, ಅದರ ಹೊಣೆ ಯಾರದು? ತೀರ್ಪು ಕೊಡುವ ಯೋಗ್ಯತೆ ನಮಗಿಲ್ಲ. ಮಣಿಪಾಲದಿಂದ ಹೊರಬಂದ ಸಾವಿರಾರು ವೈದ್ಯರು, ಮಲೇಶಿಯದಂತಹ ಹೊರದೇಶಗಳ ತರುಣರೂ ಸೇರಿ, ಲೋಕದ ಮೂಲೆಮೂಲೆಗಳಲ್ಲಿ ಜೀವಗಳನ್ನು ಉಳಿಸಿದ್ದಾರೆಂಬುದೂ ಸತ್ಯ. ಆ ತಂದೆಯ ಕಣ್ಣಿನ ನೀರೂ ಸತ್ಯ. ಎರಡನ್ನೂ ಒಂದೇ ಪುಟದಲ್ಲಿ ಬರೆದಿಡುವುದು ಗುಮಾಸ್ತರ ಧರ್ಮ.

ಬ್ಯಾಂಕಿನ ಕಥೆಯನ್ನು ಮುಗಿಸಬೇಕು. 1969ನೆಯ ಜುಲೈ 19ರಂದು ಕೇಂದ್ರ ಸರಕಾರವು ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದಾಗ ಸಿಂಡಿಕೇಟ್ ಬ್ಯಾಂಕೂ ಅವುಗಳಲ್ಲೊಂದಾಯಿತು. ನಾಲ್ಕು ದಶಕ ತಾವೇ ನೀರೆರೆದ ಮರ ಕೈತಪ್ಪಿತು. ಪೈಗಳಿಗೆ ಆಗ ಎಪ್ಪತ್ತೊಂದು. ಆದರೆ ಅವರ ಶಾಲೆ, ಕಾಲೇಜು, ಆಸ್ಪತ್ರೆಗಳ ಕೆಲಸ ನಿಲ್ಲಲಿಲ್ಲ. 1972ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. 1979ನೆಯ ಮೇ 29ರಂದು, ತಮ್ಮ 81ನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು. ಅವರು ಕಟ್ಟಿದ ಬ್ಯಾಂಕು ಅವರ ಅನಂತರ ನಾಲ್ವತ್ತು ವರುಷ ಬಾಳಿ, 2020ನೆಯ ಏಪ್ರಿಲ್ ಒಂದರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕನ್ನು ಸೇರಿತು. ನಾಮಫಲಕಗಳು ಇಳಿದವು. ಪಿಗ್ಮಿ ಎಂಬ ಮಾತು ಮಾತ್ರ ಕನ್ನಡದ ನಿಘಂಟಿಗೆ ಸೇರಿಹೋಗಿದೆ. ಕರಾವಳಿಯ ಹಳ್ಳಿಗಳಲ್ಲಿ ಅದು ಪರಭಾಷೆಯ ಮಾತೆಂದು ಯಾರಿಗೂ ಅನ್ನಿಸುವುದಿಲ್ಲ.

ಹಾಗಾದರೆ ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ದೊಡ್ಡ ಆಸ್ಪತ್ರೆ ಕಟ್ಟುವುದು ನಮ್ಮಂತಹವರಿಂದ ಆಗದು. ಪೈಗಳ ಹಿರಿಮೆ ಕಟ್ಟಡದ ಎತ್ತರದಲ್ಲಿದೆಯೆಂದು ನಾವು ತಿಳಿದಿಲ್ಲ. ಬಡವನಿಗೆ ಒಂದು ದಿನ ಉಚಿತವಾಗಿ ಕೊಟ್ಟು ಕೈ ತೊಳೆದುಕೊಳ್ಳುವುದರ ಬದಲು, ದಿನವೂ ಅವನ ಬಾಗಿಲಿಗೆ ಹೋಗಿ, ಅವನ ಎರಡಾಣೆಯನ್ನೂ ಸೇರಿಸಿಕೊಂಡು, ಅವನನ್ನೇ ಪಾಲುಗಾರನನ್ನಾಗಿ ಮಾಡಿದುದರಲ್ಲಿ ಅವರ ವೈದ್ಯವಿದೆ. ಪಡೆಯುವವನು ಭಿಕ್ಷುಕನಾಗಲಿಲ್ಲ, ಖಾತೆದಾರನಾದನು.

ಶಿಬಿರದ ಆ ಹಿರಿಯರ ಕಡೆಗೆ ಮರಳೋಣ. ನಮ್ಮ ನಡುವಿನ ವೈದ್ಯ ಬಂಧುಗಳು ರವಿವಾರವನ್ನು ಬಿಟ್ಟುಕೊಡಲು ಸಿದ್ಧರಿದ್ದಾರೆ. ಅವರ ತ್ಯಾಗಕ್ಕೆ ನಾವು ನಮಸ್ಕರಿಸುತ್ತೇವೆ. ಆದರೆ ಅವರ ಒಂದು ದಿನವನ್ನು ವರುಷಕ್ಕೊಮ್ಮೆ ಹೂಹಾರ, ಭಾಷಣ, ಭಾವಚಿತ್ರಗಳೊಡನೆ ಮುಗಿಸುವ ಬದಲು, ಆ ಶ್ರಮವನ್ನೇ ಹಂಚಿ ಹದಿನೈದು ದಿನಕ್ಕೊಮ್ಮೆ ಎರಡು ಗಂಟೆ ಒಬ್ಬ ಡಾಕ್ಟರು ಒಂದೇ ಜಾಗದಲ್ಲಿ ಕುಳಿತುಕೊಳ್ಳುವಂತೆ ಮಾಡಲಾಗದೇ? ಮಾತ್ರೆಗಳಿಗೂ ಪರೀಕ್ಷೆಗೂ ಹಣವೆಲ್ಲಿ ಎಂದರೆ ಮತ್ತೆ ಲೆಕ್ಕಕ್ಕೆ ಬರುತ್ತೇವೆ. ದಿನಕ್ಕೆ ಹತ್ತು ರೂಪಾಯಿ, ಅಂದರೆ ಅರ್ಧ ಲೋಟ ಚಹಾದ ಬೆಲೆ, ಒಂದು ಮನೆ ತೆಗೆದಿಟ್ಟರೆ ವರುಷಕ್ಕೆ 3,650 ರೂಪಾಯಿ. ಇಂತಹ ನೂರು ಮನೆಗಳಾದರೆ 3,65,000. ಅಷ್ಟರಲ್ಲಿ ಎಷ್ಟು ಮಂದಿಯ ರಕ್ತ ಪರೀಕ್ಷೆ ತಿಂಗಳು ತಿಂಗಳೂ ನಡೆದೀತು, ಎಷ್ಟು ಕಾಲುಗಳು ಉಳಿದಾವು ಎಂಬುದನ್ನು ನಮ್ಮ ವೈದ್ಯ ಬಂಧುಗಳೇ ಹೇಳಲಿ. ಸಂಗ್ರಹಿಸಲು ಮನೆಮನೆಗೆ ಹೋಗುವವರು ಬೇಕಾದರೆ, ಬ್ಯಾಂಕಿನ ಕೆಲಸ ಮುಗಿದ ಬಳಿಕ ಸಂಜೆ ಆರೂವರೆಗೆ ನಾಲ್ಕನೆಯ ನಂಬರಿನ ಕ್ಯಾಂಪಿನಿಂದ ಆರಂಭಿಸಲು ನಾವು ಸಿದ್ಧರಿದ್ದೇವೆ. ಆ ಹಿರಿಯರ ಹೆಸರನ್ನು ಪುಸ್ತಕದಲ್ಲಿ ಮೊದಲನೆಯದಾಗಿ ಬರೆದುಕೊಳ್ಳಬೇಕೆಂಬುದು ನಮ್ಮ ಆಶೆ. ಮುಂದಿನ ಸಂಚಿಕೆಯಲ್ಲಿ ಈ ನಿಧಿಯ ಜಮಾಖರ್ಚನ್ನು ಬರೆಯುವ ಭಾಗ್ಯ ನಮ್ಮದಾಗಲಿ.